ಡ್ರೈವರ್‌ಗೆ ಬೈಯೋ ಮೊದಲು ಕೇಬಲ್ ನೋಡ್ರಿ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ನಂದೊಂದು ಝೆರಾಕ್ಸ್ ಅಂಗಡಿ ಅದ. ಮೇ ತಿಂಗಳ ಉರಿ ಮಧ್ಯಾಹ್ನ ಅಂಗಡಿ ಕಂಪ್ಯೂಟರಿನ ಉಬುಂಟು (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಗಕ್ಕನೆ ನಿಂತು, ಪರದೆ ತುಂಬ 'ಎಟಿಎ' ಎರರ್, ಅಂದ್ರ ಡಿಸ್ಕ್ ಜೊತೆ ಸಂಪರ್ಕದ ದೋಷ. ಡಿಸ್ಕ್ ನಡೆಸೋ ತಂತ್ರಾಂಶ, ಅಂದ್ರ ಡ್ರೈವರೇ ಕೆಟ್ಟದ ಅಂತ ಎರಡು ಸಲ ಕರ್ನಲ್ (ಡ್ರೈವರ್ ಇರೋ ಸಿಸ್ಟಮ್ ತಿರುಳು) ಬದಲಿಸಿದೆ, ದಂಡ.

ಮೊದಲು ಫೈಲ್ ಎಲ್ಲಾ ಬೇರೆ ಡಿಸ್ಕಿಗೆ ಕಾಪಿ ಮಾಡ್ಕೋರಿ. ಆಮ್ಯಾಲೆ ಟರ್ಮಿನಲ್‌ನಾಗ 'ಸುಡೊ ಡಿಮೆಸ್ಗ್' (sudo dmesg, ಕರ್ನಲ್ ಬರೆದಿಟ್ಟ ಸಂದೇಶ ತೋರಿಸ್ತದ) ಹೊಡೆದು ಡಿಸ್ಕಿನ ಯಾವ ಪೋರ್ಟ್ ಒದ್ದಾಡ್ತದ ನೋಡ್ರಿ. ನಂತರ 'ಸ್ಮಾರ್ಟ್‌ಸಿಟಿಎಲ್' (smartctl), ಡಿಸ್ಕಿನ ಆರೋಗ್ಯ ಹೇಳೋ ಕಮಾಂಡ್. ಅದರ ಪಟ್ಟಿಯೊಳಗ 199 ನಂಬರಿನ ಸಾಲು ಅಂದ್ರ ಸಿಆರ್‌ಸಿ ಎಣಿಕೆ, ಡೇಟಾ ಸಾಗೋವಾಗ ಆದ ತಪ್ಪುಗಳ ಲೆಕ್ಕ. ಅದು ಏರ್ತಿದ್ರ ತಪ್ಪು ಬಹುತೇಕ ಸಾಟಾ ಕೇಬಲಿಂದು, ಅಂದ್ರ ಡಿಸ್ಕನ್ನ ಮದರ್‌ಬೋರ್ಡಿಗೆ ಜೋಡಿಸೋ ವೈರಿಂದು. ಕೇಬಲ್ ಬದಲಿಸಿದ್ರೂ ಹಳೇ ಅಂಕಿ ಇಳಿಯಂಗಿಲ್ಲ, ಗಾಬರಿ ಬ್ಯಾಡ. ಏರೋದು ನಿಂತ್ರ ಸಾಕು. 5 (ಕೆಟ್ಟು ಬದಲಿಸಿದ ಜಾಗಗಳ ಎಣಿಕೆ), 197 (ಓದ್ಲಿಕ್ಕೆ ಕಷ್ಟವಾದ ಜಾಗಗಳ ಎಣಿಕೆ) ನಂಬರಿನ ಸಾಲು ಏರ್ಲಿಕತ್ರ ಮಾತ್ರ ಡಿಸ್ಕೇ ಸಾಯ್ಲಿಕತ್ತದ ಅನ್ಕೋರಿ. ರಿಪೇರಿ ಅಂತ ಅದಕ್ಕ ಹಿಂಸೆ ಕೊಡಬ್ಯಾಡ್ರಿ.

ನಂದು ಕೇಬಲ್ಲೇ. ಧೂಳು ಒರೆಸಿ ಹೊಸದು ಹಾಕಿದೆ.