ಹಾಲುಹಲ್ಲು ತಾನೇ ಅಂತ ಹುಳುಕು ಬಿಡ್ಬೇಡಿ
ಚಿಕ್ಕ ಮಕ್ಕಳಿರೋರು ದಯವಿಟ್ಟು ಓದಿ. ಹೇಗಿದ್ರೂ ಬಿದ್ದೋಗೋ ಹಲ್ಲು ಅಂತ ತುಂಬಾ ಜನ ಹುಳುಕನ್ನ ಹಾಗೇ ಬಿಡ್ತಾರೆ, ಆದ್ರೆ ಹಿಂದಿನ ದವಡೆ ಹಾಲುಹಲ್ಲು 10-12 ವರ್ಷದವರೆಗೂ ಇರ್ಬೇಕು, ಬೇಗ ಹೋದ್ರೆ ಪಕ್ಕದ ಹಲ್ಲು ವಾಲ್ಕೊಂಡು ಕೆಳಗಿಂದ ಬರೋ ಹಲ್ಲಿಗೆ ಜಾಗನೇ ಸಾಲಲ್ಲ. ಇನ್ನೊಂದು, ಸುಮಾರು 6 ವರ್ಷಕ್ಕೆ ಯಾವ ಹಲ್ಲೂ ಬೀಳದೇನೇ ಎಲ್ಲಕ್ಕಿಂತ ಹಿಂದೆ ಒಂದು ದೊಡ್ಡ ಹಲ್ಲು ಬರುತ್ತಲ್ಲ, ಅದು ಹಾಲುಹಲ್ಲಲ್ಲ, ಶಾಶ್ವತ ಹಲ್ಲು!! ಅದು ಪೂರ್ತಿ ಬಂದ್ಮೇಲೆ ಸೀಲೆಂಟ್ (ಹಲ್ಲಿನ ಮೇಲೆ ಹಚ್ಚೋ ತೆಳು ಲೇಪ) ಹಾಕ್ಬೋದಾ ಅಂತ ಡಾಕ್ಟರ್‌ನ ಕೇಳಿ, ಹಲ್ಲಿನ ಮೇಲಿನ ಗೆರೆ ಮುಚ್ಚಿದ್ರೆ ಊಟದ ಚೂರು ಸೇರ್ಕೊಳಲ್ಲ, ಹಾಕೋವಾಗ ನೋವೂ ಇರಲ್ಲ.

ಖರ್ಚಿನ ಚಿಂತೆ ಇರೋರಿಗೆ ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಹತ್ರ ಸರ್ಕಾರಿ ಡೆಂಟಲ್ ಕಾಲೇಜಿದೆ, ಮಕ್ಕಳ ಹಲ್ಲಿಗೆ ಬೇರೆ ವಿಭಾಗನೇ ಇದೆ. ಬೇರೆ ಊರಿನೋರು ತಾಲೂಕು ಆಸ್ಪತ್ರೆಲಿ ವಿಚಾರಿಸಿ, ಇಲ್ಲಾಂದ್ರೆ ಹತ್ತಿರದ ಯಾವ್ದಾದ್ರೂ ಡೆಂಟಲ್ ಕಾಲೇಜು, ಸ್ಟೂಡೆಂಟ್ಸ್ ನೋಡ್ತಾರೆ ಅಂತ ಹೆದರ್ಬೇಡಿ, ಮೇಲೆ ಸೀನಿಯರ್ ಡಾಕ್ಟರ್ ಚೆಕ್ ಮಾಡ್ತಾರೆ, ಟೈಮ್ ಮಾತ್ರ ಸ್ವಲ್ಪ ಹಿಡಿಯುತ್ತೆ. ಅಂಗನವಾಡಿ, ಸರ್ಕಾರಿ ಸ್ಕೂಲಿಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ ಮಾಡೋ ಸರ್ಕಾರಿ ಯೋಜನೆ) ಟೀಮ್ ಬಂದಾಗ ಹಲ್ಲೂ ನೋಡಿ ಅಂತ ಹೇಳಿ.

ಪೇಸ್ಟ್ ಫ್ಲೋರೈಡ್ ಇರೋದೇ ತಗೊಳಿ, 3 ವರ್ಷದೊಳಗೆ ಅಕ್ಕಿಕಾಳಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ರಾತ್ರಿ ಬ್ರಷ್ ಆದ್ಮೇಲೆ ನೀರು ಬಿಟ್ಟು ಏನೂ ಕೊಡ್ಬೇಡಿ, ಹಾಲೂ ಕೂಡ.