ಧಾರವಾಡ ಸೀಮೆಯಲ್ಲಿ ಸಂಗೀತ ಪ್ರವಾಸವನ್ನು ರೂಪಿಸುವ ಬಗೆ

ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಅವರಂಥ ಹಿಂದೂಸ್ತಾನಿ ಗಾಯಕರಿಂದಾಗಿ ಧಾರವಾಡ ಸೀಮೆಗೆ ದೇಶದ ತುಂಬ ಹೆಸರಿದೆ. ಈ ಹೆಸರನ್ನು ನೆಚ್ಚಿ ಪ್ರವಾಸ ಏರ್ಪಡಿಸುವ ಸಂಘಟಕರು ಎಷ್ಟು ಜನ ಬರಬೇಕೆಂಬುದಕ್ಕಿಂತ ಮೊದಲು, ಬಂದವರು ಎಷ್ಟು ಹೊತ್ತು ಉಳಿಯಬೇಕೆಂಬುದನ್ನು ತೀರ್ಮಾನಿಸಬೇಕು.

ಇದಕ್ಕೆ ಸಂಗೀತವೇ ದಾರಿ ತೋರಿಸುತ್ತದೆ. ಹೆಚ್ಚಿನ ಕಛೇರಿಗಳು ಸಂಜೆ ನಡೆಯುವುದರಿಂದ ಭೈರವ, ತೋಡಿಯಂಥ ಬೆಳಗಿನ ರಾಗಗಳನ್ನು ಕಲಾವಿದರ ಎದುರಿಗೇ ಕುಳಿತು ಕೇಳುವ ಅವಕಾಶ ಸಿಗುವುದು ಕಡಿಮೆ. ಆದ್ದರಿಂದ ಬೈಠಕ್ಕನ್ನು, ಅಂದರೆ ಕೆಲವೇ ಜನ ಕಲಾವಿದರ ಹತ್ತಿರ ಕುಳಿತು ಕೇಳುವ ಕಛೇರಿಯನ್ನು, ನಸುಕಿನಲ್ಲಿ ಇಟ್ಟುಕೊಳ್ಳಿ. ಅದನ್ನು ಕೇಳಬಯಸುವವರು ಹಿಂದಿನ ರಾತ್ರಿಯೇ ಬಂದು ತಂಗುತ್ತಾರೆ, ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡುತ್ತಾರೆ, ಮರುದಿನ ಊರು ಸುತ್ತುತ್ತಾರೆ. ಹೀಗೆ ಬರುವವರು ಕೆಲವರೇ ಆದರೂ ಅವರ ಖರ್ಚು ಊರಿನ ಹಲವು ಮನೆಗಳಿಗೆ ಹಂಚಿಹೋಗುತ್ತದೆ. ಮೈಕಿಲ್ಲದೆ ದನಿ ಮುಟ್ಟುವಷ್ಟು ಜನರಿಗೆ ಮಾತ್ರ ಪ್ರವೇಶ ಕೊಡಿ.

ಅತಿಥಿಗಳನ್ನು ಅರ್ಧ ಗಂಟೆ ಮುಂಚೆಯೇ ಕರೆಯುವುದು ಒಳ್ಳೆಯದು. ಶ್ರುತಿ ಕೂಡಿಸುವಾಗ ತಂಬೂರಿಯ ಕುದುರೆಯ (ತಂತಿಗಳು ಹಾಯುವ ಪಟ್ಟಿಯ) ಮೇಲೆ, ತಂತಿಯ ಕೆಳಗಿರುವ ಹತ್ತಿಯ ದಾರವನ್ನು ಕೂದಲೆಳೆಯಷ್ಟು ಸರಿಸಿದಾಗ ನಾದ ಒಮ್ಮೆಲೇ ಅರಳುವುದನ್ನು ಹತ್ತಿರದಿಂದ ಕೇಳಿದವರು, ಮುಂದಿನ ಗಾಯನವನ್ನು ಬೇರೆಯೇ ಕಿವಿಯಿಂದ ಆಲಿಸುತ್ತಾರೆ.

ಧಾರವಾಡದಲ್ಲಿ ಸ್ಮಾರಕವಾಗಿರುವ ಮನಸೂರರ ಮನೆ ‘ಮೃತ್ಯುಂಜಯ’ವನ್ನು ನೋಡಿದ ಬಳಿಕ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿಯೇ ಕರೆದೊಯ್ಯಿರಿ. ಕುಂದಗೋಳದಲ್ಲಿದ್ದ ಗುರು, ಗಾಯಕ ಸವಾಯಿ ಗಂಧರ್ವರಲ್ಲಿ ಕಲಿಯಲು ಗಂಗೂಬಾಯಿಯವರು ರೈಲಿನಲ್ಲಿ ಓಡಾಡಿದ ಹಾದಿ ಇದು. ಕಾರುಗಳ ಸಾಲಿಗಿಂತ ಇದರಿಂದ ಹೊಗೆಯೂ ಕಡಿಮೆ, ಅರ್ಥವೂ ಹೆಚ್ಚು. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗುವುದಾದರೆ ಮೊದಲೇ ಅನುಮತಿ ಪಡೆಯಬೇಕು. ಅಲ್ಲಿ ಅಂಧ ಮಕ್ಕಳು ಸಂಗೀತ ಕಲಿಯುತ್ತಾರೆ. ಅವರ ಪಾಠವನ್ನು ಪ್ರದರ್ಶನವಾಗಿ ಮಾರ್ಪಡಿಸುವುದನ್ನು ನಾನು ಒಪ್ಪಲಾರೆ.

ಹಣದ ಲೆಕ್ಕವನ್ನು ಟಿಕೆಟ್ ಮಾರುವ ಮುನ್ನವೇ ಬರೆದಿಡಿ. ಗಾಯಕರಿಗೆ ಸಂಭಾವನೆ ಕೊಟ್ಟು, ತಬಲಾ ಮತ್ತು ಹಾರ್ಮೋನಿಯಂ ಸಾಥಿದಾರರಿಗೆ ಉಳಿದುದನ್ನು ಕೊಡುವ ರೂಢಿ ಎಲ್ಲಿದ್ದರೂ ಅದು ಅನ್ಯಾಯ. ಅವರ ಪಾಲನ್ನೂ, ತಂಬೂರಿ ಹಿಡಿದು ಕೂರುವ ಶಿಷ್ಯರ ಪಾಲನ್ನೂ ಮೊದಲೇ ನಿಗದಿಪಡಿಸಬೇಕು. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ನಡೆಯುವ ಅಹೋರಾತ್ರಿ ಉತ್ಸವಕ್ಕೆ ಅತಿಥಿಗಳನ್ನು ಒಯ್ಯುವಾಗ ಮುಂದಿನ ಸಾಲುಗಳನ್ನು ಕಾಯ್ದಿರಿಸಲು ಕೇಳಬೇಡಿ. ಊರವರ ಜೊತೆಯಲ್ಲಿಯೇ, ಸಿಕ್ಕ ಜಾಗದಲ್ಲಿ ಅವರೂ ಕುಳಿತುಕೊಳ್ಳಲಿ.