ಗೌರಿ ಹೂ ಬಿಡಿಸಲು ಹೋಗಿ ಹಾಳೆ ಹರಿದದ್ದು

ನಾನು ಸಸ್ಯಚಿತ್ರ ಕಲಿತದ್ದು ಐರಿಸ್ ಹೂವಿನ ಹಳೇ ಚಿತ್ರಗಳನ್ನು ನಕಲು ಮಾಡುತ್ತಾ. ಮೂರು ದಳ ಮೇಲಕ್ಕೆ, ಮೂರು ಕೆಳಕ್ಕೆ, ಕೇಸರಗಳು ಒಳಗೆ ಅಡಗಿ ಕೂತಿರುತ್ತವೆ. ಆದರೆ ಕಾಡು ಐರಿಸ್ ನೋಡಬೇಕೆಂದರೆ ಕಾಶ್ಮೀರದ ಕಡೆ ಹೋಗಬೇಕು, ಚಿತ್ರದುರ್ಗದಲ್ಲಿ ಎಲ್ಲಿ ಸಿಗಬೇಕು? ಹಾಗಾಗಿ ನಮ್ಮೂರ ಜೋಗಿಮಟ್ಟಿ ಗುಡ್ಡದ ಕಡೆಯ ಹೊಲದ ಬೇಲಿಗಳಲ್ಲಿ ಸಿಗುವ ಗೌರಿ ಹೂ ಹಿಡಿದೆ. ಇದಕ್ಕೂ ದಳ ಆರೇ. ಆದರೆ ಇಲ್ಲಿ ಎಲ್ಲವೂ ಉಲ್ಟಾ. ಹೂ ತಲೆ ಬಗ್ಗಿಸಿರುತ್ತದೆ, ಅಂಚು ಸುಕ್ಕಾದ ದಳಗಳು ಮೇಲಕ್ಕೆ ಮಡಚಿಕೊಂಡಿರುತ್ತವೆ, ಆರೂ ಕೇಸರಗಳು ಕೈ ಚಾಚಿದ ಹಾಗೆ ಹೊರಗೇ ಇರುತ್ತವೆ.

ಮೊದಲ ಸಲ ಒಂದು ಹೂ ಕಿತ್ತು ಬಾಟಲಿಯಲ್ಲಿಟ್ಟು ಮನೆಗೆ ತಂದೆ. ದೊಡ್ಡ ತಪ್ಪು. ಪೆನ್ಸಿಲ್ ಕೆಲಸ ಮುಗಿಯೋ ಹೊತ್ತಿಗೆ ದಳ ಜೋತು ಬಿದ್ದಿತ್ತು.

ಎರಡನೇ ಸಲ ಬೇಲಿ ಪಕ್ಕವೇ ಸ್ಟೂಲ್ ಹಾಕಿ ಕೂತೆ. ಆಷಾಢದ ಗಾಳಿ ಗೊತ್ತಲ್ವಾ, ಗುಡ್ಡದ ಮೇಲಿನ ಗಾಳಿಯಂತ್ರ ತಿರುಗಿಸುವ ಗಾಳಿಯೇ ನನ್ನ ಹೂವನ್ನೂ ಅಲ್ಲಾಡಿಸುತ್ತಿತ್ತು. ಎಡಗೈಯಲ್ಲಿ ತೊಟ್ಟು ಹಿಡಿದು, ಬಲಗೈಯಲ್ಲಿ ಡಿವೈಡರ್‌ನಿಂದ ಅಳತೆ ತೆಗೆದು, ಇದ್ದಷ್ಟೇ ಗಾತ್ರದಲ್ಲಿ 2ಎಚ್ ಪೆನ್ಸಿಲ್‌ನಿಂದ ಬಿಡಿಸಿದೆ. ಕುರಿ ಕಾಯುವ ಅಜ್ಜ ಒಬ್ಬರು ಬಂದು ಹಾಳೆ ನೋಡಿದರು.

"ಎಲೆಗೆ ಬಾಲ ಎಲ್ಲೈತವ್ವಾ? ಅದಿಲ್ದೆ ಇದು ಬೇಲಿ ಹೆಂಗ್ ಹತ್ತುತ್ತೆ?"

ಹೌದಲ್ಲ! ಎಲೆಯ ತುದಿಯೇ ಸುರುಳಿಯಾಗಿ ಬೇಲಿಯನ್ನು ಹಿಡಿದುಕೊಳ್ಳುತ್ತದೆ. ನಾನು ಹೂವನ್ನೇ ನೋಡುತ್ತಾ ಎಲ್ಲ ಎಲೆಗಳನ್ನೂ ಸುಮ್ನೆ ಚೂಪಾಗಿ ಮುಗಿಸಿಬಿಟ್ಟಿದ್ದೆ. ಇನ್ನೊಮ್ಮೆ ಭೂತಗನ್ನಡಿ ಹಿಡಿದು ನೋಡಿದರೆ ಶಲಾಕೆಯನ್ನೂ, ಅಂದರೆ ಹೂವಿನ ಹೆಣ್ಣು ಭಾಗದ ಉದ್ದ ಕಡ್ಡಿಯನ್ನೂ, ನೇರ ಎಳೆದಿದ್ದೇನೆ. ಅದು ಬುಡದಲ್ಲೇ ಕಟ್ಟಿಗೆ ಮುರಿದ ಹಾಗೆ ಪಕ್ಕಕ್ಕೆ ಬಾಗಿರುತ್ತದೆ. ಆ ಹಾಳೆ ಹರಿದು ಹಾಕಿದೆ.

ಬಣ್ಣದ ಪಾಡು ಬೇರೆ. ಹಸಿರು ಮಿಶ್ರಿತ ಹಳದಿಯಾಗಿ ಅರಳುವ ಹೂ ದಿನ ಕಳೆದಂತೆ ಕೆಂಪಗಾಗುತ್ತದೆ. ಹಾಗಾದರೆ ಯಾವ ದಿನದ ಹೂ ಬಿಡಿಸಬೇಕು? ಉತ್ತರ ಬಳ್ಳಿಯಲ್ಲೇ ಇತ್ತು: ಕೆಳಗಿನದು ಹಳೇ ಹೂ, ಮೇಲಿನದು ಹೊಸದು, ತುದಿಯಲ್ಲಿ ಮೊಗ್ಗು. ಒಂದೇ ಕೊಂಬೆಯನ್ನು ಪೂರ್ತಿ ಬಿಡಿಸಿದರೆ ಎಲ್ಲ ವಯಸ್ಸೂ ಸಿಗುತ್ತದೆ. ದಪ್ಪನೆಯ (300 ಜಿಎಸ್‌ಎಂ) ನಯವಾದ ಕಾಗದದ ಮೇಲೆ ಮೊದಲು ತೆಳು ಹಳದಿ, ಅದು ಪೂರ್ತಿ ಒಣಗಿದ ಮೇಲೆ ಕೆಂಪು. ಆತುರ ಮಾಡಿದರೆ ಎರಡೂ ಸೇರಿ ಕಿತ್ತಳೆ ಕೆಸರಾಗುತ್ತದೆ, ಅಂಚಿನ ಹಳದಿ ಗೆರೆ ಹೋಗಿಬಿಡುತ್ತದೆ.

ಒಂದು ಮಾತು ಮರೆಯಬೇಡಿ. ಈ ಗಿಡ ಪೂರ್ತಿ ವಿಷ, ಗಡ್ಡೆಯಲ್ಲಂತೂ ಜಾಸ್ತಿ. ಬ್ರಷ್ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಕೆಟ್ಟ ಅಭ್ಯಾಸ ನನಗಿತ್ತು, ಗಿಡ ಮುಟ್ಟಿದ ಕೈಯಲ್ಲೇ! ಈಗ ಸೋಪು ಹಚ್ಚಿ ಕೈ ತೊಳೆಯದೆ ಪೇಂಟ್ ಡಬ್ಬಿ ತೆಗೆಯುವುದಿಲ್ಲ. ಗಡ್ಡೆಗಾಗಿ ಕಾಡಿನ ಗಿಡ ಅಗೆಯಲಿಲ್ಲ. ಪಕ್ಕದ ಮನೆಯವರು ಕುಂಡ ಬದಲಿಸುವಾಗ ನೋಡಿ ಬಿಡಿಸಿಕೊಂಡೆ. ನೇಗಿಲಿನಂತೆ ಬಾಗಿದ ಗಡ್ಡೆ. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ, ಅಂದರೆ ನೇಗಿಲಿನ ಹೆಸರು ಬಂದದ್ದು ಅದಕ್ಕೇ.

ಕಾಯಿ ಇನ್ನೂ ಬಾಕಿ ಇದೆ. ಬಿರಿದಾಗ ಒಳಗೆ ಕೆಂಪು ಬೀಜ ಕಾಣುತ್ತವೆ. ಹಾಳೆಯ ಬಲಮೂಲೆ ಅದಕ್ಕೇ ಖಾಲಿ ಬಿಟ್ಟಿದ್ದೇನೆ, ದೀಪಾವಳಿ ಹೊತ್ತಿಗೆ ಅದೇ ಬೇಲಿಗೆ ಮತ್ತೆ ಹೋಗಬೇಕು.